ಮಗುವಿನ ಹಠಾತ್ ತಲೆನೋವು ಮತ್ತು ಮಿದುಳಿನ ರಕ್ತನಾಳದ ಉಬ್ಬು

(ಗ್ರಾಮೀಣ ದಂಪತಿಗಳ ಆರೋಗ್ಯ ಶಿಬಿರದಲ್ಲಿ ವೈದ್ಯಾಧಿಕಾರಿಗಳು ಮಾಡಿದ ಭಾಷಣ)



ಕುಟುಂಬ ಕಲ್ಯಾಣವೆಂದೊಡನೆ ಹೆರಿಗೆಯ ಅಂತರ, ಗರ್ಭಿಣಿಯ ಆರೈಕೆ, ಶಿಶುವಿನ ಲಸಿಕೆ ಇವುಗಳೇ ನಿಮ್ಮ ನೆನಪಿಗೆ ಬರುವುದು ಸಹಜ. ಆದರೆ ಹುಟ್ಟಿದ ಮಕ್ಕಳನ್ನು ಉಳಿಸಿ ಬೆಳೆಸುವುದೂ ಕುಟುಂಬ ಕಲ್ಯಾಣದ ಅಂಗವೇ ಆಗಿದೆ. ಆ ದೃಷ್ಟಿಯಿಂದ ಇಂದು ನಾನು ಬಹು ವಿರಳವಾದ ಒಂದು ಕಾಯಿಲೆಯನ್ನು ಕುರಿತು ಮಾತನಾಡಬಯಸುತ್ತೇನೆ. ಅದು ಮಕ್ಕಳ ಮಿದುಳಿನ ರಕ್ತನಾಳದಲ್ಲಿ ಏಳುವ ಉಬ್ಬು. ವೈದ್ಯರು ಇದನ್ನು ಅನ್ಯೂರಿಸಂ ಎಂದು ಕರೆಯುತ್ತಾರೆ.

ಇಷ್ಟು ವಿರಳವಾದುದನ್ನು ನಮಗೇಕೆ ಹೇಳುತ್ತೀರಿ ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಈ ಉಬ್ಬು ಸಾಮಾನ್ಯವಾಗಿ ದೊಡ್ಡವರಲ್ಲಿ ಕಾಣಿಸಿಕೊಳ್ಳುತ್ತದೆ. ಇಂಥ ನೂರು ರೋಗಿಗಳಲ್ಲಿ ಮಕ್ಕಳು 5ಕ್ಕಿಂತಲೂ ಕಡಿಮೆ. ಆದರೆ ಅದು ಒಡೆದ ದಿನ ಮಗುವಿನ ಬದುಕು ಗಂಟೆಗಳ ಲೆಕ್ಕದಲ್ಲಿ ನಿಂತಿರುತ್ತದೆ, ಮತ್ತು ಆ ಗಂಟೆಗಳಲ್ಲಿ ಮಗುವಿನ ಬಳಿ ಇರುವವರು ವೈದ್ಯರಲ್ಲ, ನೀವು. ಜೊತೆಗೆ, ಯಾವ ಮಕ್ಕಳಿಗೆ ಈ ಅಪಾಯ ಹೆಚ್ಚು ಎಂಬುದನ್ನು ಕೆಲವೊಮ್ಮೆ ಮುಂಚಿತವಾಗಿಯೇ ತಿಳಿಯಬಹುದು.

ಮೊದಲು ಈ ಉಬ್ಬು ಎಂದರೇನು ಎಂಬುದನ್ನು ತಿಳಿಯೋಣ. ಹೃದಯದಿಂದ ಹೊರಟ ಶುದ್ಧ ರಕ್ತವು ನಾಲ್ಕು ಧಮನಿಗಳ ಮೂಲಕ ಕುತ್ತಿಗೆಯನ್ನು ದಾಟಿ ತಲೆಬುರುಡೆಯೊಳಗೆ ಹೋಗುತ್ತದೆ. ಮಿದುಳಿನ ಬುಡದಲ್ಲಿ ಈ ಧಮನಿಗಳು ಒಂದು ಬಳೆಯ ಆಕಾರದಲ್ಲಿ ಕೂಡಿಕೊಂಡು, ಅಲ್ಲಿಂದ ಕವಲೊಡೆದು ಮಿದುಳಿನ ಎಲ್ಲ ಭಾಗಗಳಿಗೂ ರಕ್ತವನ್ನು ಹಂಚುತ್ತವೆ. ನಾಲೆಯು ಎರಡಾಗಿ ಒಡೆಯುವ ಕಡೆಯಲ್ಲಿ ನೀರು ದಂಡೆಗೆ ಬಡಿಯುವುದನ್ನು ನೀವು ಕಂಡಿದ್ದೀರಿ. ಹಾಗೆಯೇ ಧಮನಿಯ ಕವಲಿನಲ್ಲಿ ರಕ್ತದ ಹೊಡೆತ ಹೆಚ್ಚು. ನಾಳದ ಗೋಡೆಯು ಗಟ್ಟಿಯಾಗಿದ್ದರೆ ಆ ಹೊಡೆತವನ್ನು ತಾಳಿಕೊಳ್ಳುತ್ತದೆ. ಗೋಡೆ ದುರ್ಬಲವಾಗಿದ್ದರೆ, ಹೊರಗಿನ ಟೈರು ಸವೆದ ಜಾಗದಲ್ಲಿ ಸೈಕಲ್ ಟ್ಯೂಬು ಬುಗ್ಗೆಯಂತೆ ಹೊರಬರುವ ಹಾಗೆ, ಆ ಸ್ಥಳ ಉಬ್ಬಿಕೊಳ್ಳುತ್ತದೆ. ಕೆಲವು ಉಬ್ಬು ಕಾಳುಮೆಣಸಿನಷ್ಟು ಚಿಕ್ಕದಿರುತ್ತದೆ. ಮಕ್ಕಳಲ್ಲಿ ಅದು ಒಂದು ಅಂಗುಲದಷ್ಟು ದೊಡ್ಡದಾಗಿ ಬೆಳೆಯುವುದು ದೊಡ್ಡವರಿಗಿಂತ ಹೆಚ್ಚಾಗಿ ಕಂಡುಬಂದಿದೆ. ಒಡೆಯುವವರೆಗೂ ಅದು ಯಾವ ನೋವನ್ನೂ ಕೊಡದೆ ಇರಬಹುದು. ಕೆಲವೊಮ್ಮೆ ಪಕ್ಕದ ನರವನ್ನು ಒತ್ತುವುದರಿಂದ ಮಗುವಿನ ಒಂದು ಕಣ್ಣಿನ ರೆಪ್ಪೆ ಇಳಿಬೀಳುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ, ಇಲ್ಲವೇ ಒಂದು ಕಣ್ಣಿನ ಪಾಪೆ ಮತ್ತೊಂದಕ್ಕಿಂತ ದೊಡ್ಡದಾಗುತ್ತದೆ. ನಿನ್ನೆಯವರೆಗೆ ಸರಿಯಿದ್ದ ರೆಪ್ಪೆ ಇಂದು ಇಳಿಬಿದ್ದರೆ ಅದನ್ನು ದೃಷ್ಟಿಯಾಯಿತೆಂದು ಭಾವಿಸಿ ನಿವಾಳಿಸುತ್ತಾ ಕೂರಬೇಡಿ, ಅದೇ ದಿನ ವೈದ್ಯರಿಗೆ ತೋರಿಸಿ.

ಉಬ್ಬು ಒಡೆದಾಗ ರಕ್ತವು ಮಿದುಳಿನ ಸುತ್ತಲಿನ ಪೊರೆಯೊಳಗೆ ಚೆಲ್ಲುತ್ತದೆ. ಆಗ ಬರುವ ತಲೆನೋವು ಬೇರೆಲ್ಲ ತಲೆನೋವಿನಂತಲ್ಲ. ಬಿಸಿಲು, ಹಸಿವು, ಜ್ವರ, ನೆಗಡಿ, ಕಣ್ಣಿನ ದೋಷ ಮುಂತಾದವುಗಳಿಂದ ಮಕ್ಕಳಿಗೆ ತಲೆನೋವು ಬರುವುದು ದಿನನಿತ್ಯದ ಸಂಗತಿ. ಅಂಥ ನೋವು ನಿಧಾನವಾಗಿ ಏರುತ್ತದೆ. ಅದಕ್ಕೆಲ್ಲ ನೀವು ಹೆದರಬೇಕಾಗಿಲ್ಲ. ರಕ್ತಸ್ರಾವದ ನೋವಾದರೋ ಸಿಡಿಲಿನಂತೆ ಎರಗುತ್ತದೆ. ಆಡುತ್ತಿದ್ದ ಮಗು ಆಟವನ್ನು ನಿಲ್ಲಿಸಿ ತಲೆಯನ್ನು ಹಿಡಿದುಕೊಂಡು ಕುಳಿತುಬಿಡುತ್ತದೆ. ಒಂದೆರಡು ನಿಮಿಷದೊಳಗೆ ನೋವು ತನ್ನ ತುತ್ತತುದಿಯನ್ನು ಮುಟ್ಟಿರುತ್ತದೆ. ವಾಂತಿಯಾಗುತ್ತದೆ. ಬೆಳಕನ್ನು ನೋಡಲಾಗುವುದಿಲ್ಲ. ಕೆಲವು ಗಂಟೆಗಳಲ್ಲಿ ಕುತ್ತಿಗೆ ಸೆಟೆದುಕೊಂಡು, ಗದ್ದವನ್ನು ಎದೆಗೆ ತಾಗಿಸಲು ಆಗದಂತಾಗುತ್ತದೆ. ಮಂಪರು, ಫಿಟ್ಸ್, ಒಂದು ಕೈಕಾಲಿನ ಬಲಹೀನತೆ, ಪ್ರಜ್ಞೆ ತಪ್ಪುವುದು ಇವೂ ಉಂಟಾಗಬಹುದು. ಮಾತು ಬಾರದ ಹಸುಗೂಸು ತಲೆನೋವೆಂದು ಹೇಳಲಾರದು. ಅದು ಸಮಾಧಾನವಿಲ್ಲದೆ ಚೀರುತ್ತದೆ, ಮೊಲೆಯುಣ್ಣದು, ಬಿಳಿಚಿಕೊಳ್ಳುತ್ತದೆ, ನೆತ್ತಿಯ ಮೆತ್ತನೆಯ ಭಾಗ ಉಬ್ಬಿ ಬಿಗಿಯಾಗುತ್ತದೆ, ಫಿಟ್ಸ್ ಬರುತ್ತದೆ. ಇವುಗಳಲ್ಲಿ ಕೆಲವು ಮಿದುಳಿನ ಪೊರೆಯ ಸೋಂಕಿನಲ್ಲಿಯೂ ಕಾಣುತ್ತವೆ. ಯಾವುದು ಯಾವುದೆಂದು ಮನೆಯಲ್ಲಿ ಕುಳಿತು ನಿರ್ಣಯಿಸುವ ಅಗತ್ಯ ನಿಮಗಿಲ್ಲ. ಎರಡಕ್ಕೂ ಆಸ್ಪತ್ರೆಯೇ ದಾರಿ.

ಇಲ್ಲಿ ಒಂದು ವಂಚನೆಯಿದೆ, ಅದನ್ನು ವಿಶೇಷವಾಗಿ ಗಮನಿಸಿರಿ. ಮೊದಲ ಸ್ರಾವವು ಅನೇಕ ವೇಳೆ ತಾನಾಗಿ ನಿಲ್ಲುತ್ತದೆ. ಒಡೆದ ಜಾಗದಲ್ಲಿ ಹೆಪ್ಪುಗಟ್ಟಿದ ರಕ್ತವು ಬಿರಡೆಯಂತೆ ಕುಳಿತುಕೊಳ್ಳುತ್ತದೆ. ಮಗು ನಿದ್ರೆ ಹೋಗುತ್ತದೆ, ಎದ್ದ ಮೇಲೆ ನೋವು ಸ್ವಲ್ಪ ಕಡಿಮೆಯೆನ್ನುತ್ತದೆ. ಮನೆಯವರು, ಸದ್ಯ ಇಳಿಯಿತಲ್ಲ, ನಾಳೆ ನೋಡೋಣ ಎನ್ನುತ್ತಾರೆ. ಆ ಬಿರಡೆ ಎಷ್ಟು ಹೊತ್ತು ನಿಲ್ಲುವುದೆಂದು ಯಾರೂ ಹೇಳಲಾರರು. ಎರಡನೆಯ ಸಲ ಒಡೆಯುವ ಸಂಭವ ಅತಿ ಹೆಚ್ಚಾಗಿರುವುದು ಮೊದಲ 24 ಗಂಟೆಗಳಲ್ಲಿಯೇ, ಮತ್ತು ಎರಡನೆಯ ಸ್ರಾವವು ಮೊದಲಿನದಕ್ಕಿಂತ ಬಹುಪಾಲು ಘೋರವಾಗಿರುತ್ತದೆ. ಆದುದರಿಂದ ಸಿಡಿಲಿನಂತೆ ಬಂದ ನೋವು ಕಡಿಮೆಯಾಯಿತೆಂಬುದು ಕಾಯಲು ಕಾರಣವಾಗಲಾರದು. ಮಗು ಎಚ್ಚರವಾಗಿ ಮಾತನಾಡುತ್ತಿರುವಾಗಲೇ ಆಸ್ಪತ್ರೆಯನ್ನು ಸೇರಿದರೆ ಶಸ್ತ್ರವೈದ್ಯರಿಗೆ ಉಳಿಸುವ ಅವಕಾಶ ಹೆಚ್ಚು.

ನನ್ನ ಕೇಂದ್ರಕ್ಕೆ ಬಂದ ಹನ್ನೆರಡು ವರ್ಷದ ಒಬ್ಬ ಹುಡುಗನ ವಿಷಯವನ್ನು ಹೇಳುತ್ತೇನೆ. ಕಬ್ಬು ಕಟಾವಿನ ಕಾಲ. ತಂದೆ ಗಾಡಿಯೊಡನೆ ಸಕ್ಕರೆ ಕಾರ್ಖಾನೆಯ ಮುಂದೆ ಸರದಿಯಲ್ಲಿದ್ದ. ಮಧ್ಯಾಹ್ನ ಶಾಲೆಯ ಮೈದಾನದಲ್ಲಿ ಹುಡುಗನಿಗೆ ಒಮ್ಮೆಲೇ ತಲೆ ಸಿಡಿಯಿತು, ಎರಡು ಸಲ ವಾಂತಿಯಾಯಿತು. ಸಂಜೆಯ ಹೊತ್ತಿಗೆ ಎದ್ದು ಕುಳಿತು ಮಜ್ಜಿಗೆ ಕುಡಿದ. ಅಜ್ಜಿ ಪಿತ್ತವೆಂದಳು. ಯಜಮಾನರು ಬರಲಿ, ಬೆಳಿಗ್ಗೆ ಹೋದರಾಯಿತು ಎಂದು ನೆರೆಹೊರೆಯವರೂ ಹೇಳಿದರು. ತಾಯಿ ಒಪ್ಪಲಿಲ್ಲ. ಹುಡುಗ ಅಷ್ಟು ಹೊತ್ತು ತಲೆಯನ್ನು ತಿರುಗಿಸದೆ ನೆಟ್ಟಗೆ ಕುಳಿತಿದ್ದುದನ್ನು ಆಕೆ ಗಮನಿಸಿದ್ದಳು. ನೆರೆಮನೆಯ ಆಟೋದಲ್ಲಿ ಕರೆತಂದಳು. ಪರೀಕ್ಷಿಸಿದಾಗ ಕುತ್ತಿಗೆ ಬಿಗಿದಿತ್ತು. ತೋಳಿನಲ್ಲಿ ರಕ್ತದೊತ್ತಡ ದೊಡ್ಡವರಿಗೂ ಹೆಚ್ಚೆನ್ನುವಷ್ಟಿತ್ತು, ಆದರೆ ತೊಡೆಯ ಸಂದಿನಲ್ಲಿ ನಾಡಿ ಕೈಗೆ ಸಿಗುವುದೇ ಕಷ್ಟವಾಯಿತು. ಕೇಳಿದಾಗ ತಾಯಿ ಹೇಳಿದಳು: ಇವನು ಚಿಕ್ಕಂದಿನಿಂದಲೂ ಜಾತ್ರೆಗೆ ನಡೆದರೆ ಕಾಲು ಸೋತಿತೆಂದು ಅಳುತ್ತಿದ್ದ, ಪಾದ ಯಾವಾಗಲೂ ತಣ್ಣಗೆ, ಆಗಾಗ ಮೂಗಿನಲ್ಲಿ ರಕ್ತ. ಅದೇ ರಾತ್ರಿ ಅವನನ್ನು ಮೇಲಿನ ಆಸ್ಪತ್ರೆಗೆ ಕಳುಹಿಸಿದೆವು. ಸ್ಕ್ಯಾನಿನಲ್ಲಿ ರಕ್ತಸ್ರಾವ ಕಂಡಿತು, ಉಬ್ಬನ್ನು ಮುಚ್ಚಿದರು. ಕೆಲವು ತಿಂಗಳ ಬಳಿಕ ಅವನ ಮಹಾಧಮನಿಯಲ್ಲಿದ್ದ ಹುಟ್ಟಿನ ಇಕ್ಕಟ್ಟನ್ನೂ ಅಗಲಿಸಲಾಯಿತು. ಹುಡುಗ ಈಗ ಶಾಲೆಗೆ ಹೋಗುತ್ತಿದ್ದಾನೆ.

ಈ ಹುಡುಗನಲ್ಲಿದ್ದ ಮೂಲ ದೋಷವನ್ನು ಇನ್ನಷ್ಟು ವಿವರಿಸಬೇಕು. ಹೃದಯದಿಂದ ಹೊರಡುವ ಮಹಾಧಮನಿಯು ಎದೆಯೊಳಗೆ ಬಾಗಿ ಕೆಳಕ್ಕಿಳಿಯುತ್ತದೆ. ಕೆಲವು ಮಕ್ಕಳಲ್ಲಿ ಹುಟ್ಟಿನಿಂದಲೇ ಆ ಬಾಗಿನ ಬಳಿ ನಾಳವು ಸೊಂಟದಂತೆ ಕಿರಿದಾಗಿರುತ್ತದೆ. ಕಿರಿದಾದ ಜಾಗದ ಹಿಂದೆ, ಅಂದರೆ ತಲೆ ಮತ್ತು ತೋಳುಗಳ ಕಡೆಗೆ, ಒತ್ತಡ ಏರುತ್ತದೆ. ಮುಂದಕ್ಕೆ ಕಾಲುಗಳ ಕಡೆಗೆ ಒತ್ತಡ ಇಳಿಯುತ್ತದೆ. ಗದ್ದೆಯ ಬದುವಿನ ತೂಬಿಗೆ ಕಲ್ಲು ಸಿಕ್ಕಿಕೊಂಡಾಗ ಮೇಲಿನ ಪಾತಿ ತುಂಬಿ ಕೆಳಗಿನ ಪಾತಿ ಒಣಗುವುದಿಲ್ಲವೇ, ಹಾಗೆ. ಇಂಥವರಲ್ಲಿ ಮಿದುಳಿನ ಉಬ್ಬು ಉಳಿದವರಿಗಿಂತ ಹೆಚ್ಚು. ಅದು ಬಾಲ್ಯದಲ್ಲಿ ಅಪರೂಪವಾಗಿದ್ದು ವಯಸ್ಸಿನೊಡನೆ ಹೆಚ್ಚುತ್ತಾ ಹೋಗುತ್ತದೆ. ಎಂದಮೇಲೆ ಇಕ್ಕಟ್ಟನ್ನು ಎಳೆಯ ವಯಸ್ಸಿನಲ್ಲಿಯೇ ಕಂಡುಹಿಡಿದು ಸರಿಪಡಿಸುವುದು ಲೇಸು. ಇದಕ್ಕೆ ಬೇಕಾದುದು ದೊಡ್ಡ ಯಂತ್ರವಲ್ಲ. ತೋಳಿನಲ್ಲಿ ಒಮ್ಮೆ, ಕಾಲಿನಲ್ಲಿ ಒಮ್ಮೆ ರಕ್ತದೊತ್ತಡ ನೋಡುವುದು, ತೊಡೆಸಂದಿನ ನಾಡಿಯನ್ನು ಬೆರಳಿನಿಂದ ಮುಟ್ಟಿ ನೋಡುವುದು. ಮಕ್ಕಳಿಗೆ ರಕ್ತದೊತ್ತಡವೇ ಎಂದು ನಗುವವರಿದ್ದಾರೆ. ಮಕ್ಕಳಿಗೂ ಇರುತ್ತದೆ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೂ ಸರ್ಕಾರಿ ಶಾಲೆಗೂ ಬಂದು ಮಕ್ಕಳನ್ನು ಪರೀಕ್ಷಿಸುತ್ತಿವೆ. ಆ ದಿನ ಮಗುವನ್ನು ಹೊಲಕ್ಕೆ ಕಳುಹಿಸದೆ ಶಾಲೆಗೆ ಕಳುಹಿಸಿರಿ. ಕಾಲುನೋವು, ತಣ್ಣನೆಯ ಪಾದ, ಮೂಗಿನ ರಕ್ತ ಇವುಗಳನ್ನು ತಂಡದ ವೈದ್ಯರಿಗೆ ತಿಳಿಸಿರಿ.

ನಮ್ಮ ಹಳ್ಳಿಗಳಲ್ಲಿ ಇದಕ್ಕಿಂತ ಹೆಚ್ಚು ಚಿಂತೆಗೆ ಕಾರಣವಾಗಿರುವುದು ಸೋಂಕಿನಿಂದ ಏಳುವ ಉಬ್ಬು. ಗಂಟಲುನೋವಿನ ನಂತರ ಕೀಲುಗಳು ಊದಿ, ಆ ಜ್ವರವು ಹೃದಯದ ಕವಾಟಗಳನ್ನು ಕೆಡಿಸುವುದುಂಟು. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಹೃದಯದಲ್ಲಿ ರಂಧ್ರವಿರುತ್ತದೆ. ಇಂಥ ಹೃದಯದಲ್ಲಿ ರೋಗಾಣುಗಳು ಸುಲಭವಾಗಿ ಮನೆಮಾಡುತ್ತವೆ. ಹುಳುಕು ಹಲ್ಲು, ಕೀವಾದ ಗಾಯಗಳು ಅವುಗಳಿಗೆ ಬಾಗಿಲು. ಹಾಗೆ ನೆಲಸಿದ ಸೋಂಕಿನ ಒಂದು ಚೂರು ರಕ್ತದಲ್ಲಿ ತೇಲಿ ಮಿದುಳಿನ ಸಣ್ಣ ನಾಳದಲ್ಲಿ ಸಿಕ್ಕಿಕೊಂಡರೆ ಆ ನಾಳದ ಗೋಡೆ ಒಳಗಿನಿಂದ ಕೊಳೆತು ಉಬ್ಬುತ್ತದೆ. ಆದಕಾರಣ ಹೃದ್ರೋಗವಿರುವ ಮಗುವಿಗೆ ಕಾರಣ ತಿಳಿಯದ ಜ್ವರ ಹಲವು ದಿನ ಬಿಡದಿದ್ದರೆ, ಅಂಗಡಿಯಿಂದ ಎರಡು ಮಾತ್ರೆ ತಂದು ನುಂಗಿಸಿ ಸುಮ್ಮನಾಗಬೇಡಿ. ಅರೆಬರೆ ಔಷಧದಿಂದ ಜ್ವರ ಅಡಗುತ್ತದೆ, ರೋಗ ಅಡಗುವುದಿಲ್ಲ. ರಕ್ತಪರೀಕ್ಷೆ ಮಾಡಿಸಿ, ಆಸ್ಪತ್ರೆಯಲ್ಲಿಟ್ಟು ವಾರಗಟ್ಟಲೆ ಸೂಜಿಮದ್ದು ಕೊಡಬೇಕಾಗುತ್ತದೆ. ಸಕಾಲದಲ್ಲಿ ಪ್ರಾರಂಭಿಸಿದರೆ ಇಂಥ ಉಬ್ಬುಗಳಲ್ಲಿ ಕೆಲವು ಮದ್ದಿನಿಂದಲೇ ಕುಗ್ಗುವುದುಂಟು. ಕೀಲುಜ್ವರದಿಂದ ಹೃದಯ ಕೆಟ್ಟ ಮಗುವಿಗೆ ಮೂರು ಅಥವಾ ನಾಲ್ಕು ವಾರಕ್ಕೊಮ್ಮೆ ಕೊಡುವ ಪೆನಿಸಿಲಿನ್ ಚುಚ್ಚುಮದ್ದನ್ನು, ನೋವಾಗುತ್ತದೆಂದೋ, ಮಗು ಚೆನ್ನಾಗಿದೆಯೆಂದೋ ತಪ್ಪಿಸಕೂಡದು. ಅದು ಕೀಲುಜ್ವರವು ಮರುಕಳಿಸಿ ಕವಾಟಗಳು ಇನ್ನಷ್ಟು ಕೆಡದಂತೆ ಕಾಯುತ್ತದೆ. ಹಲ್ಲು ಕೀಳಿಸುವ ಮೊದಲು ದಂತವೈದ್ಯರಿಗೆ ಮಗುವಿನ ಹೃದಯದ ವಿಷಯವನ್ನು ತಪ್ಪದೆ ಹೇಳಿರಿ.

ತಲೆಗೆ ಬಿದ್ದ ಪೆಟ್ಟಿನಿಂದಲೂ ನಾಳದ ಗೋಡೆ ಹರಿದು ಉಬ್ಬುವುದುಂಟು. ಟ್ರ್ಯಾಕ್ಟರಿನಿಂದಲೋ ಮರದಿಂದಲೋ ಬಿದ್ದು ವಾಸಿಯಾದ ಮಗುವಿಗೆ ಎರಡು ಮೂರು ವಾರಗಳ ಮೇಲೆ ದಿಢೀರನೆ ತಲೆನೋವು ಬಂದರೆ ಹಳೆಯ ಪೆಟ್ಟನ್ನು ವೈದ್ಯರಿಗೆ ನೆನಪಿಸಿರಿ. ಮೈಸೂರು, ಚಾಮರಾಜನಗರ, ಕೊಡಗು ಜಿಲ್ಲೆಗಳ ಕಾಡಂಚಿನ ಹಾಡಿಗಳಲ್ಲಿ ಕುಡುಗೋಲು ಕಣದ ರಕ್ತಹೀನತೆ ಕಾಣಬರುತ್ತದೆ. ಅದರಲ್ಲಿ ಮಕ್ಕಳ ಮಿದುಳಿನ ನಾಳಗಳು ಸಾಮಾನ್ಯವಾಗಿ ಕಿರಿದಾಗಿ ಲಕ್ವ ಹೊಡೆಯುತ್ತದೆ, ಕೆಲವರಲ್ಲಿ ಉಬ್ಬೂ ಏಳುತ್ತದೆ. ಈ ಕಾಯಿಲೆಯ ನಿರ್ಮೂಲನೆಗಾಗಿ 2023ರಲ್ಲಿ ರಾಷ್ಟ್ರೀಯ ಅಭಿಯಾನ ಆರಂಭವಾಗಿದೆ, ರಕ್ತಪರೀಕ್ಷೆಯೂ ಅದರ ಅಂಗವಾಗಿ ನಡೆಯುತ್ತದೆ.

ಇನ್ನು ವಂಶದಿಂದ ಬರುವ ದೌರ್ಬಲ್ಯ. ನಾಳದ ಗೋಡೆಗೆ ಬಿಗಿಯನ್ನು ಕೊಡುವ ನಾರುಗಳೇ ಹುಟ್ಟಿನಿಂದ ಸಡಿಲವಾಗಿರುವ ಮಕ್ಕಳುಂಟು. ಸ್ವಲ್ಪ ತಾಗಿದರೆ ಮೈಮೇಲೆ ನೀಲಿಗಟ್ಟುವುದು, ಒಳಗಿನ ನರಗಳು ಕಾಣುವಷ್ಟು ತೆಳುವಾದ ಚರ್ಮ, ಸೀಳಿದ ಕಿರುನಾಲಗೆ, ಅತಿಯಾಗಿ ಬಾಗುವ ಕೀಲುಗಳು ಇವುಗಳಲ್ಲಿ ಹಲವು ಒಂದೇ ಮಗುವಿನಲ್ಲಿ ಕೂಡಿದ್ದರೆ ಪರೀಕ್ಷೆ ಮಾಡಿಸಬೇಕು. ಮೂತ್ರಪಿಂಡಗಳಲ್ಲಿ ನೀರಿನ ಗುಳ್ಳೆಗಳು ತುಂಬುವ ಕಾಯಿಲೆಯೂ ಕೆಲವು ಮನೆತನಗಳಲ್ಲಿ ಇಳಿದುಬರುತ್ತದೆ. ಅದರಲ್ಲಿ ಉಬ್ಬು ಹೆಚ್ಚಾಗಿ ವಯಸ್ಕರಾದ ಮೇಲೆ ಬರುವುದು. ಇವುಗಳಲ್ಲಿ ಹಲವು ತಂದೆ ಅಥವಾ ತಾಯಿ ಒಬ್ಬರಿಂದಲೇ ಬರುತ್ತವೆ. ಕೆಲವು ಮಾತ್ರ, ಇಬ್ಬರಲ್ಲಿಯೂ ಅದೇ ದೋಷ ಅಡಗಿದ್ದಾಗ ಮಗುವಿನಲ್ಲಿ ಪ್ರಕಟವಾಗುತ್ತವೆ; ಸೋದರಮಾವನೊಡನೆ, ಅತ್ತೆಯ ಮಗನೊಡನೆ ಮದುವೆಯಾಗುವಲ್ಲಿ ಅಂಥ ಸಂಭವ ಹೆಚ್ಚು. ನಮ್ಮ ಸೀಮೆಯಲ್ಲಿ ಇಂಥ ಸಂಬಂಧಗಳು ರೂಢಿಯಲ್ಲಿವೆ, ಇಲ್ಲಿ ಕುಳಿತಿರುವವರಲ್ಲಿಯೂ ಅನೇಕರಿರಬಹುದು. ಆಗಿಹೋದ ಮದುವೆಯನ್ನು ದೂರಲು ನಾನು ಇದನ್ನು ಹೇಳುತ್ತಿಲ್ಲ. ಮಗು ತೀರಿಹೋದ ಅಥವಾ ಹಠಾತ್ತನೆ ಮಿದುಳಿನ ರಕ್ತಸ್ರಾವವಾದ ಪ್ರಸಂಗ ಎರಡೂ ಕಡೆಯ ಮನೆತನದಲ್ಲಿ ಇದ್ದರೆ ಅದನ್ನು ಮುಚ್ಚಿಡದೆ ವೈದ್ಯರಿಗೆ ಹೇಳಿರಿ ಎಂಬುದಷ್ಟೇ ನನ್ನ ಕೋರಿಕೆ. ಇನ್ನೊಂದು ಮಾತು. ಗರ್ಭಿಣಿಯಾಗಿದ್ದಾಗ ಗ್ರಹಣ ನೋಡಿದಳು, ಮುಸ್ಸಂಜೆ ಹೊರಗೆ ಹೋದಳು ಎಂದು ತಾಯಿಯನ್ನು ಹಳಿಯುವವರಿದ್ದಾರೆ. ಅದಕ್ಕೂ ಇದಕ್ಕೂ ಏನೇನೂ ಸಂಬಂಧವಿಲ್ಲ. ಅನೇಕ ಮಕ್ಕಳಲ್ಲಿ ಯಾವ ಮೂಲ ಕಾರಣವೂ ಸಿಗುವುದಿಲ್ಲ.

ಈಗ, ಆ ಹೊತ್ತಿನಲ್ಲಿ ನೀವು ಮಾಡತಕ್ಕ ಕೆಲಸ. ನೋವು ಎಷ್ಟು ಗಂಟೆಗೆ ಬಂತು, ಮಗು ಆಗ ಏನು ಮಾಡುತ್ತಿತ್ತು, ಎಷ್ಟು ಹೊತ್ತಿನಲ್ಲಿ ಹೆಚ್ಚಾಯಿತು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಿರಿ. ಬರೆದುಕೊಂಡರೆ ಇನ್ನೂ ಒಳ್ಳೆಯದು. ತಲೆನೋವು ಎಂದಷ್ಟೇ ಹೇಳಿದರೆ ಅದು ದಿನಕ್ಕೆ ಹತ್ತು ಜನ ಹೇಳುವ ಮಾತು. ಗೋಲಿ ಆಡುತ್ತಿದ್ದವನು ಒಮ್ಮೆಲೇ ಕಿರುಚಿ ಕುಳಿತ ಎಂದರೆ ವೈದ್ಯನ ಕಿವಿ ನಿಮಿರುತ್ತದೆ. 108ಕ್ಕೆ ಕರೆ ಮಾಡಿರಿ. ವಾಹನ ಬರುವವರೆಗೆ ಮಗುವನ್ನು ಒಂದು ಮಗ್ಗುಲಾಗಿ ಮಲಗಿಸಿ, ವಾಂತಿ ಉಸಿರಿನ ದಾರಿಗೆ ಹೋಗದಂತೆ ನೋಡಿಕೊಳ್ಳಿರಿ. ಸುತ್ತ ಜನ ಮುತ್ತಿಕೊಳ್ಳುವುದು ಬೇಡ. ಮಂಪರಿನಲ್ಲಿರುವ ಮಗುವಿನ ಬಾಯಿಗೆ ನೀರು, ಕಷಾಯ, ತೀರ್ಥ ಯಾವುದನ್ನೂ ಹಾಕಬೇಡಿ. ನೋವಿಗೆಂದು ಆಸ್ಪಿರಿನ್ ಮಾತ್ರೆಯನ್ನು ಕೊಡಲೇಕೂಡದು, ಅದು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ಫಿಟ್ಸ್ ಬಂದರೆ ಕೈಗೆ ಕಬ್ಬಿಣದ ಕೀಲಿಕೈ ಕೊಡುವುದು, ಮೂಗಿಗೆ ಈರುಳ್ಳಿ ರಸ ಹಿಂಡುವುದು, ಹಲ್ಲುಗಳ ನಡುವೆ ಚಮಚ ತುರುಕುವುದು, ಬರೆ ಎಳೆಯುವುದು ಇವು ಯಾವುವೂ ಬೇಡ. ದೇವರಿಗೆ ಹರಕೆ ಹೊರುವುದಕ್ಕೆ ನನ್ನ ಅಡ್ಡಿಯಿಲ್ಲ, ಅದನ್ನು ವಾಹನದಲ್ಲಿ ಕುಳಿತೇ ಹೊರಬಹುದು.

ಗಂಡಸರಿಗೆ ಒಂದು ಮಾತನ್ನು ನೇರವಾಗಿ ಹೇಳುತ್ತೇನೆ. ನೀವು ಸಂತೆಗೋ, ಕೂಲಿಗೋ, ಕಾರ್ಖಾನೆಗೋ ಹೋದಾಗ ಇಂಥದು ನಡೆಯಬಹುದು. ಅಪ್ಪಣೆಗೆ ಕಾಯದೆ ಮಗುವನ್ನು ಕರೆದುಕೊಂಡು ಹೊರಟುಬಿಡು ಎಂದು ಹೆಂಡತಿಗೆ ಇಂದೇ ಹೇಳಿಡಿ. ತಂದೆತಾಯಿಗಳ ಎದುರಿನಲ್ಲಿಯೇ ಹೇಳಿಡಿ. ತುರ್ತಿಗೆಂದು ಸ್ವಲ್ಪ ಹಣ ಮತ್ತು ಪಡಿತರ ಚೀಟಿ, ಆಧಾರ್ ಕಾರ್ಡುಗಳು ಆಕೆಯ ಕೈಗೆ ಸಿಗುವ ಜಾಗದಲ್ಲಿರಲಿ. 2018ರಲ್ಲಿ ಜಾರಿಗೆ ಬಂದ ಆರೋಗ್ಯ ಕರ್ನಾಟಕ ಯೋಜನೆಯಡಿಯಲ್ಲಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸಾ ನೆರವಿಗೆ ಅವಕಾಶವಿದೆ. ದನ ಮಾರಿದ ಮೇಲೆ ಹೊರಡೋಣವೆಂದು ಎರಡು ದಿನ ಕಳೆಯುವ ಪ್ರಮೇಯವಿಲ್ಲ.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆಂಬ ಭಯವೂ ಜನರನ್ನು ತಡೆಯುತ್ತದೆ. ಮೊದಲು ಸಿ.ಟಿ. ಸ್ಕ್ಯಾನ್ ತೆಗೆದು ರಕ್ತ ಚೆಲ್ಲಿದೆಯೇ ಎಂದು ನೋಡುತ್ತಾರೆ. ಅದು ನೋವಿಲ್ಲದ ಪರೀಕ್ಷೆ. ಬಳಿಕ ನಾಳಗಳಿಗೆ ಬಣ್ಣದ ಔಷಧ ಹರಿಸಿ ಚಿತ್ರ ತೆಗೆದಾಗ ಉಬ್ಬು ಎಲ್ಲಿದೆಯೆಂದು ತಿಳಿಯುತ್ತದೆ. ಉಬ್ಬನ್ನು ಮುಚ್ಚಲು ಮುಖ್ಯವಾಗಿ ಎರಡು ವಿಧಾನಗಳಿವೆ. ತಲೆಬುರುಡೆಯನ್ನು ತೆರೆದು ಉಬ್ಬಿನ ಕುತ್ತಿಗೆಗೆ ಪುಟ್ಟ ಲೋಹದ ಕ್ಲಿಪ್ಪನ್ನು ಹಾಕುವುದು ಒಂದು. ಅಮೆರಿಕದ ಶಸ್ತ್ರವೈದ್ಯ ವಾಲ್ಟರ್ ಡ್ಯಾಂಡಿ 1937ರಲ್ಲಿ ಇದನ್ನು ಮೊದಲು ಮಾಡಿದರು. ತೊಡೆಸಂದಿನ ಧಮನಿಯಿಂದ ಸಪೂರವಾದ ಕೊಳವೆಯನ್ನು ಮಿದುಳಿನವರೆಗೆ ಕಳುಹಿಸಿ ಉಬ್ಬಿನೊಳಗೆ ಪ್ಲಾಟಿನಂ ತಂತಿಯ ಸುರುಳಿಯನ್ನು ತುಂಬುವುದು ಇನ್ನೊಂದು. ಇದು 1990ರ ದಶಕದಿಂದ ರೂಢಿಗೆ ಬಂದಿತು. ಯಾವುದು ತಕ್ಕದ್ದೆಂದು ಉಬ್ಬಿನ ಜಾಗ, ಆಕಾರಗಳನ್ನು ನೋಡಿ ತಜ್ಞರು ತೀರ್ಮಾನಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಿದುಳಿನ ತುರ್ತು ಚಿಕಿತ್ಸೆ ಹಗಲೂ ರಾತ್ರಿ ದೊರೆಯುತ್ತದೆ. ತಲೆ ತೆರೆದರೆ ಮಗುವಿಗೆ ಹುಚ್ಚು ಹಿಡಿಯುವುದೆಂಬ ಮಾತು ಸುಳ್ಳು. ಆದರೂ ಎಲ್ಲ ಮಕ್ಕಳೂ ಉಳಿಯುತ್ತಾರೆಂದು ನಾನು ಭರವಸೆ ಕೊಡಲಾರೆ. ಉಳಿದವರಲ್ಲಿ ಕೆಲವರಿಗೆ ಕೈಕಾಲಿನ ಅಥವಾ ಕಲಿಕೆಯ ತೊಂದರೆ ನಿಲ್ಲುವುದುಂಟು.

ಶಸ್ತ್ರಚಿಕಿತ್ಸೆಯಾದ ನಾಲ್ಕನೆಯ ದಿನ ಮಗು ಎದ್ದು ಕುಳಿತಿತೆಂದು ಮನೆಗೆ ಕಳುಹಿಸಿರೆಂದು ಒತ್ತಾಯಿಸುವ ತಂದೆತಾಯಿಗಳಿದ್ದಾರೆ. ಚೆಲ್ಲಿದ ರಕ್ತವು ಸುತ್ತಲಿನ ನಾಳಗಳನ್ನು ಕೆರಳಿಸಿ, ಸುಮಾರು ನಾಲ್ಕರಿಂದ ಹದಿನಾಲ್ಕನೆಯ ದಿನದವರೆಗೆ ಅವು ಸಂಕುಚಿಸುವ ಅಪಾಯವಿರುತ್ತದೆ. ಮಿದುಳಿನಲ್ಲಿ ನೀರು ತುಂಬಿಕೊಳ್ಳುವುದೂ ಉಂಟು. ವೈದ್ಯರು ಹೇಳುವವರೆಗೆ ಅಲ್ಲಿಯೇ ಇರಿ. ಮಕ್ಕಳಿಗೆ ಮುಂದೆ ಬಾಳಬೇಕಾದ ವರ್ಷಗಳು ಬಹಳ, ಮತ್ತು ಮುಚ್ಚಿದ ಉಬ್ಬು ಪುನಃ ಬೆಳೆಯುವುದೂ ಬೇರೆ ಕಡೆ ಹೊಸದು ಏಳುವುದೂ ಸಾಧ್ಯ. ಆದ್ದರಿಂದ ಹೇಳಿದ ವರ್ಷಗಳಲ್ಲಿ ಮರುಪರೀಕ್ಷೆಗೆ ಹೋಗಲೇಬೇಕು. ಬಿಡುಗಡೆಯ ಕಾಗದದಲ್ಲಿ ಯಾವ ಕ್ಲಿಪ್ ಅಥವಾ ಸುರುಳಿ ಹಾಕಿದ್ದಾರೆಂದು ಬರೆದಿರುತ್ತದೆ. ಮುಂದೆ ಎಂ.ಆರ್.ಐ. ಪರೀಕ್ಷೆ ಬಂದಾಗ, ಅದರಲ್ಲಿ ಬಲವಾದ ಅಯಸ್ಕಾಂತವಿರುವುದರಿಂದ, ಆ ಕಾಗದವನ್ನು ಮೊದಲು ತೋರಿಸಬೇಕು. ಮಳೆಗೆ ನೆನೆಯದಂತೆ, ಇಲಿ ಕಡಿಯದಂತೆ ಅದನ್ನು ಜಮೀನಿನ ಪತ್ರಗಳ ಜೊತೆಯಲ್ಲಿಡಿ.

ಗುರುವಾರ ಕೂಸಿನ ಲಸಿಕೆಗೆ ಬರುವಾಗ, ಹೃದ್ರೋಗವಿದೆಯೆಂದು ತಿಳಿದಿರುವ ಅಥವಾ ನಡೆದರೆ ಕಾಲು ಸೋಲುವ ದೊಡ್ಡ ಮಕ್ಕಳನ್ನೂ ಕರೆದುಕೊಂಡು ಬನ್ನಿ. ಮಕ್ಕಳ ತೋಳಿನ ಅಳತೆಗೆ ಹೊಂದುವ ರಕ್ತದೊತ್ತಡದ ಪಟ್ಟಿ ನಮ್ಮ ಕೇಂದ್ರದಲ್ಲಿದೆ. ತೊಡೆಸಂದಿನ ನಾಡಿಯನ್ನು ಮುಟ್ಟಿ ನೋಡುವುದು ಹೇಗೆಂದು ಆರೋಗ್ಯ ಸಹಾಯಕಿಯವರು ತಾಯಂದಿರಿಗೆ ತೋರಿಸಿಕೊಡುತ್ತಾರೆ.